ಕರಿಯನಿಗೆ ಹೇಳದ ಮಾತು

ಬೇವಿನ ಮರದವರೆಗೆ ಹೋದ ಮೋಟಾರ್ ಸೈಕಲ್ಲು ಎರಡು ಸಲ ಕೆಮ್ಮಿ, ಹಿಂದಿನಿಂದ ಕರಿ ಹೊಗೆ ಬಿಟ್ಟು ನಿಂತೇಬಿಟ್ಟಿತು. ಹಾಲಸ್ವಾಮಿ ಅದನ್ನು ತಳ್ಳಿಕೊಂಡು ಮತ್ತೆ ಮನೆ ಮುಂದಕ್ಕೆ ತಂದ. ಬೆಳಗಿನಿಂದ ಇದು ನಾಲ್ಕನೇ ಸಲ. ಎಂಜಿನ್ನಿಗೆ ಗಾಳಿ ಬಿಡಲು ಹ್ಯಾಂಡಲ್ಲಿನ ಮೇಲಿದ್ದ ಚೋಕಿನ ಪುಟ್ಟ ಹಿಡಿ ಎಳೆದಲ್ಲಿ ನಿಲ್ಲುತ್ತಿರಲಿಲ್ಲ. ಬೆರಳು ತೆಗೆದದ್ದೇ ತಡ, ಒಳಗಿನ ಸ್ಪ್ರಿಂಗು ಕೇಬಲ್ಲನ್ನು ಜಗ್ಗಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಗಾಳಿ ಸಿಗದೆ ಎಂಜಿನ್ನು ಉಸಿರುಕಟ್ಟಿ ಆರಿಹೋಗುತ್ತಿತ್ತು. ತಿರುಪು ಬಿಗಿ ಮಾಡಿ ನೋಡಿದ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ನೋಡಿದ, ಸೆಣಬಿನ ದಾರ ಕಟ್ಟಿಯೂ ನೋಡಿದ. ಯಾವುದಕ್ಕೂ ಹಿಡಿ ಬಗ್ಗಲಿಲ್ಲ.

ಜಗಲಿಯ ಮೇಲೆ ಹೆಂಡತಿ ನಿಂಗಕ್ಕ ಹೊಸ ಸೀರೆ ಉಟ್ಟು, ತಂಗಿಯ ಮಗುವಿಗೆ ಹೊಲಿದ ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮಧ್ಯಾಹ್ನ ಬಾಗೂರಿನಲ್ಲಿ ಆ ಕೂಸಿಗೆ ತೊಟ್ಟಿಲ ಶಾಸ್ತ್ರ. ಮನೆಯಲ್ಲಿ ಗಾಡಿ ಇರುವಾಗ ಬಸ್ಸೇಕೆ ಎಂದು ಹಾಲಸ್ವಾಮಿಯೇ ಬೆಳಗಿನ ಬಸ್ಸು ತಪ್ಪಿಸಿದ್ದ. ಹಾಗಂತ ಅವಳಿಗೆ ಹೇಳಿರಲಿಲ್ಲ, ನಾಯಿಗೆ ಹೇಳಿದ್ದ. ಒಂದೂವರೆ ತಿಂಗಳಿಂದ ಆ ಮನೆಯಲ್ಲಿ ಗಂಡಹೆಂಡಿರ ಮಾತೆಲ್ಲ ನಾಯಿ ಕರಿಯನ ಮೂಲಕವೇ ನಡೆಯುತ್ತಿತ್ತು.

ಕಾರಣ ಈ ಗಾಡಿಯೇ. ವರ್ಗವಾಗಿ ಹೊರಟಿದ್ದ ಹೊಸದುರ್ಗದ ಸಾಹೇಬರೊಬ್ಬರ ಹಳೇ ಗಾಡಿಗೆ ಮನಸೋತು, ಹಾಲಸ್ವಾಮಿ ಹತ್ತು ಕುರಿ ಹೊಡೆದುಕೊಂಡು ಹೋಗಿ, ಬದಲಿಗೆ ಇದನ್ನು ತಂದಿದ್ದ. ಆ ಹತ್ತರಲ್ಲಿ ನಿಂಗಕ್ಕನ ಟಗರೂ ಒಂದು. ತಾಯಿ ಸತ್ತ ಮರಿಯನ್ನು ಅವಳು ಮೇಕೆ ಹಾಲು ಕುಡಿಸಿ ಬೆಳೆಸಿದ್ದಳು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಹಟ್ಟಿಗೆ ಬಂದ ಮೊದಲ ಮೋಟಾರ್ ಸೈಕಲ್ಲು. ನೋಡಲು ಊರಿಗೆ ಊರೇ ಬಂತು, ಅವಳು ಮಾತ್ರ ಬಾಗಿಲಿಗೂ ಬರಲಿಲ್ಲ. ಅವತ್ತಿನಿಂದ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ನೀರು ಕಾಯಿಸಿಡುತ್ತಿದ್ದಳು, ಬೈಯುತ್ತಿರಲಿಲ್ಲ. ಅವಳ ಬೈಗುಳವಿಲ್ಲದೆ ಹಾಲಸ್ವಾಮಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಕರಿಯಾ,” ಎಂದಳು ನಿಂಗಕ್ಕ, “ಬೀಸೋ ಕಲ್ಲಿನ ಗೂಟ ಸಡ್ಲ ಆದ್ರೆ ನಾನೇನ್ ಮಾಡ್ತೀನಿ ಅಂತ ನಿಮ್ ಯಜಮಾನ್ರಿಗೆ ಗೊತ್ತೈತಾ ಕೇಳು.”

“ಗೊತ್ತಿಲ್ಲ ಅಂತ ಹೇಳಲೇ ಕರಿಯಾ,” ಎಂದ ಹಾಲಸ್ವಾಮಿ. ಕರಿಯ ಇಬ್ಬರಿಗೂ ಸಮನಾಗಿ ಬಾಲ ಅಲ್ಲಾಡಿಸಿತು.

“ಕಂಬ್ಳಿ ಚೂರು ಸುತ್ತಿ ಗುದ್ದತೀನಿ. ಆಮ್ಯಾಲೆ ಅದು ಅಲ್ಲಾಡಲ್ಲ.” ಅಷ್ಟು ಹೇಳಿ ಎದ್ದು ಒಳಗೆ ಹೋದವಳು ಕುಡುಗೋಲು ಹಿಡಿದು ಬಂದಳು. ಬಂದವಳೇ ಗಂಡನ ಹೆಗಲ ಮೇಲಿದ್ದ ಕಂಬಳಿಯ ಮೂಲೆ ಹಿಡಿದು ಎರಡು ಬೆರಳಗಲ ಕೊಯ್ದೇಬಿಟ್ಟಳು.

“ಅಯ್ಯಯ್ಯೋ! ಸತ್ತೋದ ನಮ್ಮಪ್ಪನ ಕಂಬ್ಳಿ ಕಣೇ ಅದು! ಒಂದ್ ಮಾತು ಕೇಳ್ದೆ ಕೊಯ್ದುಬಿಟ್ಯಲ್ಲ!”

“ಕೇಳ್ದೆ ತಗಂಡ್ರೆ ಹೊಟ್ಟೆ ಹೆಂಗ್ ಉರೀತೈತೆ ಅಂತ ಈಗ ಗೊತ್ತಾತಾ ಕೇಳು, ಕರಿಯಾ.”

ಹಾಲಸ್ವಾಮಿ ಕೊಯ್ದ ಮೂಲೆಯನ್ನು ಹಿಡಿದುಕೊಂಡು ನಿಂತ. ಹೊಸದುರ್ಗದಲ್ಲಿ ಬಿಟ್ಟು ಬರುವಾಗ ಆ ಟಗರು ಹಿಂದಿನಿಂದ ಕೂಗಿಕೊಂಡದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ತಪ್ಪಾತು ಅಂತ ಹೇಳಪ್ಪಾ. ಕೇಳ್ಬೇಕಾಗಿತ್ತು. ಅದನ್ನ ಬಿಟ್ ಬರೋವಾಗ ನನ್ ಕಣ್ಣಾಗೂ ನೀರು ಬಂದಿತ್ತು ಅಂತ ಹೇಳು.” ನಿಂಗಕ್ಕ ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಾಲಸ್ವಾಮಿ ತಿರುಪು ಬಿಚ್ಚಿ, ಕಂಬಳಿ ಚೂರಿಗೆ ದಬ್ಬಳದಿಂದ ತೂತು ಮಾಡಿ, ಹಿಡಿಯ ಅಡಿಗಿಟ್ಟು ಬಿಗಿದ. ಎಳೆದು ಬೆರಳು ತೆಗೆದ. ಹಿಡಿ ನಿಂತಿತು! ಗಾಡಿ ಬೇವಿನ ಮರ ದಾಟಿ, ಬಾವಿ ಸುತ್ತಿ, ಗುಡುಗುಡು ಎನ್ನುತ್ತಲೇ ಮನೆಗೆ ಬಂತು. ಅವನಿಗೆ ಖುಷಿ ತಡೆಯಲಾಗಲಿಲ್ಲ. “ಹತ್ತು ಅಂತ ಹೇಳಲೇ ಕರಿಯಾ, ಹೋಗಾಣ!” ಎಂದು ಕೂಗಿದ. ಕರಿಯ ಹೇಳುವ ಮೊದಲೇ ನಿಂಗಕ್ಕ ಹತ್ತಿ ಕುಳಿತಿದ್ದಳು.

ಹಟ್ಟಿ ದಾಟಿದ ಮೇಲೆ ಹಳ್ಳದ ಇಳಿಜಾರು. ಗಾಡಿ ಸರ್ರನೆ ಇಳಿಯಿತು. ನಿಂಗಕ್ಕ ಎರಡೂ ಕೈಯಿಂದ ಗಂಡನ ಸೊಂಟ ತಬ್ಬಿ ಚೀರಿದಳು: “ಹಾಲಸ್ವಾಮೀ!”

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನ ಹೆಸರು ಹೇಳಿದವಳಲ್ಲ. ಜನಗಣತಿಯ ಮೇಷ್ಟ್ರು ಬಂದು ಯಜಮಾನರ ಹೆಸರು ಕೇಳಿದಾಗಲೂ ಪಕ್ಕದ ಮನೆಯ ಬೊಮ್ಮಕ್ಕನನ್ನು ಕರೆದು ಹೇಳಿಸಿದ್ದಳು. ಹಾಲಸ್ವಾಮಿ ಹಿಗ್ಗಿನಲ್ಲಿ ಹ್ಯಾಂಡಲ್ಲು ಬಿಡುವುದೊಂದು ಬಾಕಿ.

“ಏನಂದೆ? ನನ್ ಹೆಸ್ರು ಹಿಡಿದು ಕರದ್ಯಾ?”

“ನಿಮ್ಮನ್ನ ಯಾರು ಕರದ್ರು? ನಾನು ನಿಮ್ ಹೆಸ್ರಿನ ದೇವ್ರನ್ನ ಕರದೆ! ಹಲ್ಲು ಕಿಸೀಬ್ಯಾಡ್ರಿ, ಮುಂದೆ ನೋಡ್ಕಂಡು ಹೊಡೀರಿ ಅತ್ಲಾಗೆ!”

ಹಾಲಸ್ವಾಮಿ ಹಲ್ಲು ಕಿಸಿಯುತ್ತಲೇ ಹೊಡೆದ. ಕರಿಯ ದೂರದ ಹಟ್ಟಿಯ ಬೇವಿನ ಮರದಡಿ ಮಲಗಿತ್ತು. ಬೈಗುಳ ನೇರವಾಗಿ ಅವನ ಕಿವಿಗೇ ಬಿದ್ದಿತ್ತು.