ಮಂಗಮ್ಮ ಮಹಡಿ ಮನೆ ಖಾಲಿ ಮಾಡಿಸಿದ್ದು

ಮಹಡಿ ಮನೆಯ ಬೀಗಕ್ಕೆ ಮಂಗಮ್ಮ ತನ್ನ ಹತ್ತಿರವಿದ್ದ ಕೀಲಿ ಹಾಕಿ ತಿರುಗಿಸಿದಳು. ಬಾಡಿಗೆಗಿದ್ದ ಲತಾಮಣಿ ಹೊಲಿದ ಬ್ಲೌಸುಗಳನ್ನು ಕೊಟ್ಟುಬರಲು ಜಯನಗರಕ್ಕೆ ಹೋಗಿದ್ದಳು. ಯಾರಾದರೂ ಕೇಳಿದರೆ ನಲ್ಲಿ ಸೋರುತ್ತಿದೆಯೇನೋ ನೋಡಲು ಬಂದೆ ಅಂದರಾಯಿತು. ಕದಿರೇನಹಳ್ಳಿಯ ಹಳೇ ಮನೆತನದವರಿಗೆ ಬಾಡಿಗೆ ಮನೆಯ ಇನ್ನೊಂದು ಕೀಲಿ ಇಟ್ಟುಕೊಳ್ಳುವುದು ಹಕ್ಕು. ಹೊಲ ಹೋಗಿ ಲೇಔಟ್ ಎದ್ದರೂ ಆ ಗತ್ತು ಹೋಗಿಲ್ಲ.

ಅವಳ ಚಿಂತೆ ನಲ್ಲಿಯದಲ್ಲ, ಮಗನದು. ಗಂಡ ರಾಮಯ್ಯ ಹೋದ ಮೇಲೆ ಅವಳಿಗೆ ಉಳಿದಿದ್ದವನು ಮನು ಒಬ್ಬನೇ. ಮೂವತ್ತು ದಾಟಿದರೂ ಮದುವೆಯೆಂದರೆ ಮುಖ ತಿರುಗಿಸುತ್ತಿದ್ದ. ತಂದ ಸಂಬಂಧಗಳನ್ನೆಲ್ಲ ಫೋಟೋ ಕೂಡ ನೋಡದೆ ಬೇಡವೆಂದಿದ್ದ. ಆದರೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ, ತಾರಸಿಯ ಪಾರಿವಾಳಗಳಿಗೆ ಕಾಳು ಹಾಕುತ್ತೇನೆಂದು ಮೇಲೆ ಹತ್ತುತ್ತಿದ್ದ. ಮನೆ ತುಂಬ ನೆಂಟರಿರಲಿ, ಮೈ ಸುಡುವ ಜ್ವರವಿರಲಿ, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ಮಂಗಮ್ಮ ಸದ್ದಿಲ್ಲದೆ ಹಿಂದೆ ಹೋಗಿ ನೋಡಿದರೆ, ಲತಾಮಣಿಯ ಅಡುಗೆಮನೆಯಲ್ಲಿ ನಿಂತು ಅವಳ ಲೋಟದಲ್ಲಿ ನೀರು ಕುಡಿಯುತ್ತಿದ್ದ! ಗಂಡ ಸತ್ತವಳು, ಇವನಿಗಿಂತ ದೊಡ್ಡವಳು, ಇವನ ಬಾಯಲ್ಲಿ ಮಾತ್ರ ‘ಅಕ್ಕ’. ಅಂದಿನಿಂದ ಮಂಗಮ್ಮನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಮಗನ ಬೀರು, ಬ್ಯಾಗು, ಪ್ಯಾಂಟಿನ ಜೇಬು ಎಲ್ಲವನ್ನೂ ಅವಳು ಒಗೆಯುವ ನೆಪದಲ್ಲಿ ದಿನಾ ಜಾಲಾಡುತ್ತಿದ್ದಳು. ಅಲ್ಲೇನೂ ಸಿಕ್ಕಿರಲಿಲ್ಲ. ಹಾಗಾಗಿ ಈಗ ಇಲ್ಲಿ.

ರಾಗಿ ಹಿಟ್ಟಿನ ಡಬ್ಬದ ಹಿಂದೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಿತ್ತು. ಅಲ್ಲಾಡಿಸಿದರೆ ಮಾತ್ರೆಗಳ ಸದ್ದು. ವಶೀಕರಣದ ಮದ್ದೇ ಇರಬೇಕೆಂದುಕೊಂಡು, ಸೆರಗಿನಲ್ಲಿ ಮುಚ್ಚಿ ಒಯ್ದು ಮೆಡಿಕಲ್ ಶಾಪಿನ ಭಾರ್ಗವನ ಮುಂದಿಟ್ಟಳು.

ಭಾರ್ಗವ ದನಿ ತಗ್ಗಿಸಿದ. “ಇದು ಎಚ್‌ಐವಿ ಮಾತ್ರೆ ಆಂಟಿ. ಸರ್ಕಾರಿ ಆಸ್ಪತ್ರೇಲಿ ಫ್ರೀಯಾಗಿ ಕೊಡ್ತಾರೆ. ಈಗ ಅಷ್ಟು ಭಯ ಬೀಳೋದೇನಿಲ್ಲ. ದಿನಾ ತಪ್ಪದೆ ತಗೊಂಡ್ರೆ ರಕ್ತದಲ್ಲಿ ವೈರಸ್ ಕಾಣಿಸ್ದಷ್ಟು ಕಮ್ಮಿ ಆಗುತ್ತೆ. ಆಮೇಲೆ ಗಂಡನಿಂದ ಹೆಂಡ್ತಿಗೂ ಅಂಟಲ್ಲ. ಎಲ್ಲರ ಹಾಗೇ ಬದುಕ್ಬೋದು.”

ಮೊದಲ ಮಾತಿನ ಆಚೆಗೆ ಮಂಗಮ್ಮನಿಗೆ ಏನೂ ಕೇಳಿಸಲಿಲ್ಲ. ಮಗ ಆ ಲೋಟದಲ್ಲಿ ನೀರು ಕುಡಿದದ್ದೊಂದೇ ಕಣ್ಣ ಮುಂದೆ ಬಂತು.

ಮಧ್ಯಾಹ್ನ ಬಂದ ಲತಾಮಣಿಯನ್ನು ಮೆಟ್ಟಿಲ ಮೇಲೇ ತಡೆದಳು. ರಂಪ ಕೇಳಿ ಮನು ಹೊರಗೆ ಓಡಿಬಂದ. ತಾಯಿಯ ಕೈಯಲ್ಲಿದ್ದ ಡಬ್ಬಿ ನೋಡಿ ನಿಂತುಬಿಟ್ಟ.

“ಏನೇ ಇದು? ನಿಂದೇನೇ?”

ಲತಾಮಣಿ ಡಬ್ಬಿಯನ್ನು ನೋಡಿದಳು, ಆಮೇಲೆ ಮನುವನ್ನು. ಅವನ ಮುಖ ಬಿಳಿಚಿಕೊಂಡಿತ್ತು.

“ನನ್ನ ಮನೇಲಿ ತಾನೆ ಸಿಕ್ಕಿದ್ದು? ನಂದೇ ಅಂದ್ಕೊಳ್ಳಿ.”

“ನಾಳೇನೇ ಮನೆ ಖಾಲಿ ಮಾಡು.”

“ಅಮ್ಮ, ಅವರದ್ದೇನೂ ತಪ್ಪಿಲ್ಲ,” ಎಂದ ಮನು. “ಒಂದೇ ಲೋಟದಲ್ಲಿ ಕುಡಿದ್ರೆ, ಒಂದೇ ಮನೇಲಿದ್ರೆ ಬರೋ ಕಾಯಿಲೆ ಅಲ್ಲ ಅದು.”

“ಬಾಯ್ಮುಚ್ಚು! ನನ್ನ ಒಡಹುಟ್ಟಿದ ತಮ್ಮ ಯಲ್ಲಯ್ಯಂಗೆ ಇದೇ ಬಂದಾಗ ದನದ ಕೊಟ್ಟಿಗೇಲಿ ಮಲಗಿಸಿದ್ವಿ. ಕೋಲಲ್ಲಿ ತಟ್ಟೆ ತಳ್ತಿದ್ವಿ. ನೀನೂ ತಳ್ಳಿದ್ದೀಯ, ಮರ್ತೋಯ್ತಾ? ಅವನನ್ನೇ ಒಳಗೆ ಸೇರಿಸ್ಲಿಲ್ಲ, ಇವಳ್ಯಾವಳು?”

“ಮರ್ತಿಲ್ಲಮ್ಮ.”

ಯಲ್ಲಯ್ಯ ಆ ಕೊಟ್ಟಿಗೆಯಲ್ಲೇ ಸತ್ತಿದ್ದ. ಆಗಲೂ ಊರಲ್ಲಿ ಔಷಧಿ ಇತ್ತು. ಕರೆದುಕೊಂಡು ಹೋಗುವವರು ಇರಲಿಲ್ಲ, ಅಷ್ಟೇ.

ಮಂಗಮ್ಮ ಡಬ್ಬಿಯ ಮುಚ್ಚಳ ತೆಗೆದು ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದಳು. ಲತಾಮಣಿ “ಅಯ್ಯೋ, ಬೇಡಿ” ಎಂದು ಕೈ ಚಾಚಿದವಳು ಮನುವಿನ ಕಣ್ಣು ನೋಡಿ ಕೈ ಹಿಂದಕ್ಕೆಳೆದುಕೊಂಡಳು.

ಅವತ್ತು ಸಂಜೆ ಮನು ಮೇಲೆ ಹತ್ತಲಿಲ್ಲ. ಪಾರಿವಾಳಗಳು ಕಾಳಿಲ್ಲದೆ ಗುಟುರು ಹಾಕಿದವು. ಮಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಆದರೂ ಒಂದು ಅಳುಕು ಉಳಿದಿತ್ತು.

“ನೀನೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳೋ, ಮಗಾ.”

“ನಂಗೆ ಟೆಸ್ಟ್ ಬೇಕಾಗಿಲ್ಲಮ್ಮ.”

ಎಷ್ಟು ಗಟ್ಟಿಯಾಗಿ ಹೇಳಿದ! ಅಂದರೆ ಅವಳ ಮೈ ಮುಟ್ಟಿಲ್ಲ. ಮಂಗಮ್ಮ ಕಣ್ಣೊರೆಸಿಕೊಂಡು, ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವುದಾಗಿ ಹರಕೆ ಹೊತ್ತಳು. ಮಗ ಉಳಿದ.

ಸುದ್ದಿ ಬೀದಿಗೆ ಹಬ್ಬಲು ತಡವಾಗಲಿಲ್ಲ. ಹೊಲಿಯಲು ಬಟ್ಟೆ ಕೊಟ್ಟಿದ್ದ ಹೆಂಗಸರು ಬಂದು, ಕವರಿನ ತುದಿಯನ್ನಷ್ಟೇ ಹಿಡಿದು ವಾಪಸ್ ಒಯ್ದರು. ವರ್ಷಗಳಿಂದ ಅಲ್ಲೇ ಬದುಕು ಕಟ್ಟಿಕೊಂಡಿದ್ದ ಲತಾಮಣಿ ಯಾರಿಗೂ ಎದುರು ಮಾತಾಡಲಿಲ್ಲ. ತಂಗಿಗೆ ಫೋನ್ ಮಾಡಿ, ಸ್ವಲ್ಪ ದಿನ ಗಿರಿನಗರಕ್ಕೆ ಬರುತ್ತೇನೆ ಅಂದಳು.

ಮರುದಿನ ಬೆಳಿಗ್ಗೆ ಲಗೇಜ್ ಆಟೋ ಬಂತು. ಬೇಡವೆಂದರೂ ಕೇಳದೆ ಮನು ಹೊಲಿಗೆ ಮೆಷಿನ್ ಎತ್ತಿಟ್ಟ, ಪಾತ್ರೆಗಳನ್ನು ಹೊತ್ತು ತಂದ. ಹೋಗಲಿ, ಪೀಡೆ ತೊಲಗಿದರೆ ಸಾಕೆಂದು ಮಂಗಮ್ಮ ಮಹಡಿ ಮನೆಗೆ ಫಿನಾಯಿಲ್ ಹಾಕಿ ತೊಳೆಯತೊಡಗಿದಳು. ನೀರು ಮೆಟ್ಟಿಲಿನಿಂದ ಇಳಿದು ಗೇಟಿನವರೆಗೂ ಹರಿಯಿತು.

“ಮನೂ, ಅವಳ ಸಾಮಾನು ಮುಟ್ಟಿದ್ದೀಯ, ಸೋಪ್ ಹಾಕಿ ಕೈ ತೊಳ್ಕೊಂಡು ಒಳಗೆ ಬಾ!” ಎಂದು ಬಾಲ್ಕನಿಯಿಂದ ಕೂಗಿದಳು.

ಆಟೋದಲ್ಲಿ ಕೂತಿದ್ದ ಲತಾಮಣಿ ಅವನತ್ತ ಬಗ್ಗಿ, “ಇನ್ಮೇಲೆ ನಿನ್ನ ಮಾತ್ರೆ ಎಲ್ಲಿ ಇಟ್ಕೋತೀಯೋ ಮನು?” ಎಂದು ಮೆಲ್ಲಗೆ ಕೇಳಿದಳು.

“ಇನ್ನು ತಗೊಳ್ಳಲ್ಲ ಬಿಡಿ ಅಕ್ಕ,” ಎಂದು ಅವನು ಕೈ ತೊಳೆಯಲು ಒಳಗೆ ಹೋದ.