ಎಡಗಿವಿ ಸೀಳು

ತನಿಖೆಗೆಂದು ಹಟ್ಟಿಗೆ ಬಂದವನನ್ನು ಕಂಡು ಸಣ್ಣರಂಗಯ್ಯ ಕೂತಲ್ಲಿಂದ ಎದ್ದುಬಿಟ್ಟ. ಕುರಿಗಳು ಸೋಲಾರ್ ಪಾರ್ಕಿನ ಬೇಲಿ ನುಗ್ಗಿದವೆಂದು ಮೂರು ತಿಂಗಳ ಹಿಂದೆ ಅವನನ್ನು ಠಾಣೆಗೆ ಎಳೆದೊಯ್ದು ಲಾಠಿಯಲ್ಲಿ ಬಡಿದ ಪೇದೆ ಇವನೇ.

"ಕುಂತ್ಕೊ ತಾತ. ಮನುಷ್ಯರ ಹಕ್ಕು ನೋಡ್ಕೊಳ್ಳೋ ಕಚೇರಿಗೆ ಅರ್ಜಿ ಹಾಕಿದ್ಯಲ್ಲ, ಅದರ ವಿಚಾರಣೆ" ಎಂದು ಪೇದೆ ಮಂಚದ ಮೇಲೆ ಫೈಲು ಬಿಚ್ಚಿದ. ಅಂದು 'ಲೇ' ಎಂದಿದ್ದ ಬಾಯಿಗೆ ಇಂದು 'ತಾತ' ಬಂದಿತ್ತು.

"ನೀನು ಮಾಡಿದ್ದಕ್ಕೆ ನೀನೇ ವಿಚಾರಣೆಗೆ ಬಂದ್ಯೇನಪ್ಪಾ?"

"ನಾನೇನ್ ಮಾಡ್ಲಿ? ಅರ್ಜಿ ಅವರಿಂದ ಎಸ್ಪಿ ಆಫೀಸಿಗೆ ಬಂತು, ಅಲ್ಲಿಂದ ನಮ್ ಠಾಣೆಗಿಳೀತು, ಸಾಹೇಬ್ರು ನನ್ ತಲೆಗೆ ಕಟ್ಟಿದ್ರು. ನೀನೂ ಹೊಡೆದೋನ ಹೆಸರೇ ಬರ್ಸಿಲ್ವಲ್ಲ!"

ಪೇದೆಯ ಎದೆಪಟ್ಟಿಯ ಮೇಲಿನ ಹೆಸರು ಓದಲು ಸಣ್ಣರಂಗಯ್ಯನಿಗೆ ಎಲ್ಲಿ ಬರಬೇಕು? ಕುರಿ ತಪ್ಪಿಸಿಕೊಂಡರೆ ವಳ್ಳೂರಿನಿಂದ ಆಂಧ್ರದ ಗಡಿಯವರೆಗೆ ಗುರುತು ಹೇಳಿಕೊಂಡೇ ಹುಡುಕುವವನು ಅವನು. ಹೊಡೆದವನ ಗುರುತನ್ನೂ ಹಾಗೆಯೇ ಹೇಳಿದ್ದ. ಸೊಸೆ ಲೋಹಿತಾ ಒಂದಕ್ಷರ ಬಿಡದೆ ಬರೆದಿದ್ದಳು.

ಪೇದೆ ಓದತೊಡಗಿದ. "ಎಡಗಿವಿ ತುದಿ ಸೀಳು. ಹಣೆಗೂದಲಲ್ಲಿ ಸುಳಿ. ಬಲಗಾಲು ಒಂಚೂರು ಎಳೆತ. ಹಲ್ಲು ನೋಡಿಲ್ಲ, ವಯಸ್ಸು ಗೊತ್ತಿಲ್ಲ..." ಓದುತ್ತಲೇ ಅವನ ಕೈ ಟೋಪಿಯನ್ನು ಎಡಕ್ಕೆ ಎಳೆದುಕೊಂಡಿತು. "ಇದೇನ್ ಮನುಷ್ಯಂದೋ, ಟಗರಿಂದೋ?"

"ಕನ್ನಡಿ ತಂದ್ಕೊಡ್ಲಾ ಸಾರ್?" ಎಂದಳು ಲೋಹಿತಾ ಬಾಗಿಲಿಂದಲೇ.

ಪೇದೆ ಕೇಳಿಸದವನಂತೆ ಬರೆದು ಮುಗಿಸಿ ಗಟ್ಟಿಯಾಗಿ ಓದಿದ: "ಸದರಿ ಚಹರೆಯ ಸಿಬ್ಬಂದಿ ಠಾಣೆಯಲ್ಲಿ ಯಾರೂ ಇರುವುದಿಲ್ಲ. ಅರ್ಜಿದಾರರು ದೂರನ್ನು ಮುಂದುವರಿಸಲು ಇಚ್ಛಿಸುವುದಿಲ್ಲ."

"ಇಚ್ಛಿಸಲ್ಲ ಅಂತ ನಾನ್ ಯಾವಾಗಂದೆ?"

"ಅಂದಿಲ್ಲ ತಾತ. ಆದ್ರೆ ನಾಳಿಕ್ಕೂ ನಿನ್ ಕುರಿ ಅದೇ ಬೇಲಿ ಪಕ್ದಾಗೆ ತಾನೇ ಮೇಯೋದು?"

ಸಣ್ಣರಂಗಯ್ಯ ಬಯಲಿನ ಕಡೆ ನೋಡಿದ. ಬೇಲಿಯ ಅಂಚು ಬಿಟ್ಟರೆ ಮೇವಿರುವ ನೆಲ ಎಲ್ಲೂ ಉಳಿದಿರಲಿಲ್ಲ. ಥತ್ ಎಂದು ಪಕ್ಕಕ್ಕೆ ಉಗುಳಿ ಎಡಗೈ ಚಾಚಿದ.

ಪೇದೆ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಹಾಳೆಯ ಮೇಲಿಟ್ಟ. ಅದು ಕೂರಲಿಲ್ಲ. ಅಂದು ಲಾಠಿಗೆ ಮುರಿದ ಗೆಣ್ಣು ಓರೆಯಾಗಿಯೇ ಕೂಡಿಕೊಂಡಿತ್ತು. ಎರಡು ಸಲ ಒತ್ತಿದರೂ ಬರೀ ಮಸಿಯೇ ಬಿತ್ತು. ಬೆವರುತ್ತಾ ಪೇದೆ ಆ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೇರ ಮಾಡತೊಡಗಿದ. ಸಣ್ಣರಂಗಯ್ಯ ಹಲ್ಲು ಕಚ್ಚಿದ.

"ನೋವಾಯ್ತದಾ ತಾತ?"

"ಆಯ್ತದೆ ಕಣಪ್ಪ. ಅದನ್ನೊಂದು ಬರ್ಕೊ."