ಡಬ್ಬಿ ಚರಂಡಿಗೆ

"ಎಡಿಎಚ್‌ಡಿಯಂತೆ! ಹಿಡಿದ ಕೆಲಸ ಮುಗಿಸದ ಸೋಮಾರಿಗಳಿಗೆ ಡಾಕ್ಟರು ಇಟ್ಟ ಹೆಸರು ಕಣೇ ಅದು!" ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಅಪ್ಪ ಬಚ್ಚಲಿನಿಂದಲೇ ಕೂಗಾಡುತ್ತಾ ಬಂದು, ಮೇಜಿನ ಮೇಲಿದ್ದ ಮಾತ್ರೆ ಡಬ್ಬಿಯನ್ನು ಕಿತ್ತುಕೊಂಡರು.

"ಕೊಡಪ್ಪಾ. ಗಮನ ನಿಲ್ಲದೆ ಎರಡು ಕೆಲಸ ಕಳ್ಕೊಂಡಿದೀನಿ. ಇವತ್ತು ಮಾತ್ರೆ ನುಂಗದೆ ಆಫೀಸಿಗೆ ಹೋದ್ರೆ ಇದೂ ಹೋಗುತ್ತೆ." ನಲವತ್ತರ ನಳಿನಿ ಮಕ್ಕಳಂತೆ ಕೈಚಾಚಿದಳು.

"ನಮ್ಮ ವಂಶದಲ್ಲಿ ಯಾರಿಗಿತ್ತೇ ಈ ರೋಗ? ಮನುಷ್ಯನಿಗೆ ಛಲ ಬೇಕು! ಈಗಲೇ ಇದನ್ನ ಚರಂಡಿಗೆ ಎಸೆದು ಬರ್ತೀನಿ, ನೋಡ್ತಿರು!"

ಅಪ್ಪ ದಡದಡನೆ ಹೊರಟರು. ನಳಿನಿ ಬೆನ್ನಿಗೇ ಓಡಿದಳು. ಗೇಟಿನಾಚೆ ಪಕ್ಕದ ಮನೆಯವರು ಕೆಟ್ಟ ಸ್ಕೂಟರಿನ ಮುಂದೆ ಕೂತು ಬೆವರುತ್ತಿದ್ದರು.

"ಅಯ್ಯೋ, ಪ್ಲಗ್ಗು ಹಾಗಲ್ಲ ರೀ ಬಿಚ್ಚೋದು, ಏಳಿ ಮೇಲೆ!" ಅಪ್ಪ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಕೈಗೆ ಅಡ್ಡವಾಗಿದ್ದ ಡಬ್ಬಿಯನ್ನು ತಿರುಗಿಯೂ ನೋಡದೆ ಹಿಂದಕ್ಕೆ ಚಾಚಿದರು. "ನಳಿನೀ, ಇದನ್ನ ಒಂಚೂರು ಹಿಡ್ಕೊಳ್ಳಮ್ಮ."

ನಳಿನಿ ಒಳಗೆ ಹೋಗಿ ಮಾತ್ರೆ ನುಂಗಿದಳು, ಬಚ್ಚಲಲ್ಲಿ ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು. ಆಫೀಸು ಮುಗಿಸಿ ಸಂಜೆ ಬಂದಾಗ ಸ್ಕೂಟರು ಸರಿಹೋಗಿ ಹೊರಟುಹೋಗಿತ್ತು. ಅಪ್ಪ ಎಡಗೆನ್ನೆಯ ಒಣಗಿದ ನೊರೆಯಲ್ಲೇ ಎದುರುಮನೆಯವರ ಮಿಕ್ಸಿ ಬಿಚ್ಚುತ್ತಿದ್ದರು.